ಸೀ ಸ್ಲಗ್‌ಗಳ ಅಧ್ಯಯನದಲ್ಲಿ ಹವ್ಯಾಸಿ ಮುಳುಗುಗಾರರ ಅವಲೋಕನಗಳು

ತುಕ್ಕಾನಟ್ಟಿ ಮತ್ತು ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗಗಳಿಂದ ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರಕ್ಕೆ ತೆರಳಿ, ಅಲ್ಲಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಕೈಗೊಳ್ಳುವ ನಾಗರಿಕರ ಮಾಹಿತಿಗಾಗಿ ಈ ಲೇಖನವನ್ನು ನೀಡಲಾಗಿದೆ.

ಸೀ ಸ್ಲಗ್ ಎಂಬುದು ಹೊಲದ ಬದುವಿನಲ್ಲಿ ಕಾಣುವ ಬಸವನಹುಳುವಿನ ಸಮುದ್ರವಾಸಿ ಬಂಧು. ಬಹುತೇಕ ಪ್ರಭೇದಗಳಲ್ಲಿ ಚಿಪ್ಪು ಕುಗ್ಗಿದೆ ಅಥವಾ ಪೂರ್ಣವಾಗಿ ಇಲ್ಲವಾಗಿದೆ. ಇವುಗಳಲ್ಲಿ ನ್ಯೂಡಿಬ್ರಾಂಕ್ ಗುಂಪಿನವು ಬಣ್ಣಗಳಿಂದಾಗಿ ಮುಳುಗುಗಾರರಿಗೆ ಪರಿಚಿತವಾಗಿವೆ.

ಈ ಬಣ್ಣವೇ ಸಂಶೋಧಕರ ತೊಡಕೂ ಹೌದು. ಜೀವಿಯನ್ನು ಮದ್ಯಸಾರ ಅಥವಾ ಫಾರ್ಮಾಲಿನ್‌ನಲ್ಲಿ ಸಂರಕ್ಷಿಸಿದಾಗ ಅದರ ಬಣ್ಣ ಮಾಸಿ, ಮೈ ಮುದುಡುತ್ತದೆ. ಹೀಗಾಗಿ ಹಿಂದಿನ ಕಾಲದ ಅನೇಕ ಮಾದರಿಗಳಿಂದ ಜೀವಂತ ಪ್ರಾಣಿಯ ರೂಪವನ್ನು ತಿಳಿಯಲಾಗದು. ಅದರ ಆಹಾರವೇನು, ಸುರುಳಿಯಾಕಾರದ ಮೊಟ್ಟೆಯ ಪಟ್ಟಿಯನ್ನು ಯಾವ ತಿಂಗಳಿನಲ್ಲಿ ಇಡುತ್ತದೆ ಎಂಬುದೂ ಸೀಸೆಯಲ್ಲಿ ಕಾಣುವುದಿಲ್ಲ. ಮೇಲಾಗಿ ಅನೇಕ ಪ್ರಭೇದಗಳ ಆಯುಷ್ಯ ಒಂದು ವರ್ಷವನ್ನೂ ಮೀರದು. ಒಂದು ಸಮೀಕ್ಷೆಯಲ್ಲಿ ಕಂಡದ್ದು ಮುಂದಿನದರಲ್ಲಿ ಕಾಣದಿರಬಹುದು. ನಮ್ಮ ದೇಶದಲ್ಲಿ ಮಾಹಿತಿಯ ಕೊರತೆ ಎಷ್ಟಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು: ಲಕ್ಷದ್ವೀಪದ ಕುರಿತು ದೀಪಕ್ ಆಪ್ಟೆ ಅವರು 2009ರಲ್ಲಿ ಪ್ರಕಟಿಸಿದ ಒಂದೇ ಪ್ರಬಂಧದಲ್ಲಿ ಭಾರತಕ್ಕೆ ಹೊಸದಾದ 40 ದಾಖಲೆಗಳಿದ್ದವು.

ಸಂಶೋಧಕರು ವರ್ಷವಿಡೀ ನೀರಿನಲ್ಲಿರಲು ಸಾಧ್ಯವಿಲ್ಲ, ಹವ್ಯಾಸಿಗಳು ಅನೇಕರಿರುವರು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ನೆಲ್ಸನ್ ಬೇ ಎಂಬಲ್ಲಿ 2013ರಲ್ಲಿ ಸೀ ಸ್ಲಗ್ ಗಣತಿ ಆರಂಭವಾಯಿತು. ನಿಗದಿತ ದಿನಗಳಲ್ಲಿ ಸ್ವಯಂಸೇವಕರು ತೆಗೆದ ಚಿತ್ರಗಳನ್ನು ತಜ್ಞರು ಗುರುತಿಸುತ್ತಾರೆ. ಬೆಚ್ಚಗಿನ ನೀರಿನ ಪ್ರಭೇದಗಳು ದಕ್ಷಿಣಕ್ಕೆ ಸರಿದಿರುವುದು ಇಂತಹ ದಾಖಲೆಗಳಿಂದ ತಿಳಿದುಬರುತ್ತದೆ. ಮುಂಬಯಿಯಲ್ಲಿ 2017ರಲ್ಲಿ ಆರಂಭವಾದ 'ಮರೈನ್ ಲೈಫ್ ಆಫ್ ಮುಂಬೈ' ನಾಗರಿಕ ತಂಡವು ಇಳಿತದ ವೇಳೆ ದಡದಲ್ಲಿಯೇ ನಡೆದು ಇಂತಹ ಜೀವಿಗಳನ್ನು ದಾಖಲಿಸಿದೆ. ಮುಳುಗಲು ಬಾರದವರಿಗೂ ಇದು ಸಾಧ್ಯವೆಂಬುದು ಗಮನಾರ್ಹ.

ದಿನಾಂಕ ಮತ್ತು ಸ್ಥಳವಿಲ್ಲದ ಚಿತ್ರವು ಎಷ್ಟೇ ಸುಂದರವಾಗಿದ್ದರೂ ಅಧ್ಯಯನಕ್ಕೆ ಹೆಚ್ಚು ಉಪಯೋಗವಾಗದು. ಆದುದರಿಂದ ಕ್ಯಾಮೆರಾದ ಗಡಿಯಾರವನ್ನು ಮೊದಲೇ ಸರಿಪಡಿಸಿಕೊಂಡು, ಆಳ ಹಾಗೂ ಅಂದಾಜು ಉದ್ದವನ್ನು ದೋಣಿಗೆ ಮರಳಿದ ಕೂಡಲೇ ಬರೆದಿಡತಕ್ಕದ್ದು. ತಲೆಯ ಮೇಲಿನ ಎರಡು ಕೊಂಬುಗಳು ಮತ್ತು ಬೆನ್ನಿನ ಕಿವಿರುಗಳು ಕಾಣುವಂತೆ ಮೇಲಿನಿಂದ ಒಂದು, ಪಕ್ಕದಿಂದ ಒಂದು ಚಿತ್ರವಿರಲಿ. ಅದು ಕುಳಿತ ಸ್ಪಂಜನ್ನು ಬಿಟ್ಟು ಚಿತ್ರ ತೆಗೆಯಬಾರದು, ಏಕೆಂದರೆ ಅದೇ ಅದರ ಊಟವಾಗಿರಬಹುದು. ಮೊದಲ ಬಾರಿಗೆ ನೀರಿಗಿಳಿಯುವವರು ಕ್ಯಾಮೆರಾದ ಗೋಜಿಗೆ ಹೋಗದಿರುವುದೇ ಲೇಸು.

ಜೀವಿಯನ್ನು ಮುಟ್ಟುವುದಾಗಲೀ, ಚಿತ್ರಕ್ಕಾಗಿ ಸ್ಥಳಾಂತರಿಸುವುದಾಗಲೀ ಕೂಡದು. ನೀರಿನ ಮೇಲೆ ತೇಲುವ ನೀಲಿ ಬಣ್ಣದ ಗ್ಲಾಕಸ್, ತಾನು ತಿಂದ ಜೀವಿಗಳ ಕುಟುಕು ಕೋಶಗಳನ್ನು ತನ್ನ ಮೈಯಲ್ಲಿ ಶೇಖರಿಸಿಕೊಳ್ಳುವುದರಿಂದ ಮನುಷ್ಯರಿಗೂ ಕುಟುಕಬಲ್ಲದು. ಹವಳವನ್ನು ಮುರಿದು ತರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅನ್ವಯ ಅಪರಾಧವಾಗಿರುತ್ತದೆ.

ಚಿತ್ರಗಳನ್ನು ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಉಚಿತವಾಗಿ ಸಲ್ಲಿಸಬಹುದು. ಜೀವಿಯ ಹೆಸರು ತಿಳಿದಿರಬೇಕಾಗಿಲ್ಲ. ಒಂದನ್ನೊಂದು ಹೋಲುವ ಪ್ರಭೇದಗಳನ್ನು ಚಿತ್ರ ಮಾತ್ರದಿಂದ ಬೇರ್ಪಡಿಸಲಾಗದಿದ್ದಲ್ಲಿ ಹಲ್ಲುಪಟ್ಟಿಯ ಮತ್ತು ಡಿಎನ್‌ಎ ಪರೀಕ್ಷೆ ಅಗತ್ಯವಾಗುತ್ತದೆ. ಆಗ ಎಲ್ಲಿ, ಯಾವ ತಿಂಗಳಿನಲ್ಲಿ ಹುಡುಕಬೇಕೆಂಬುದನ್ನು ಸಂಶೋಧಕರು ಈ ದಾಖಲೆಗಳಿಂದ ತಿಳಿಯುತ್ತಾರೆ.