ಸವಣೂರಿನಿಂದ ಆಕ್ಸ್‌ಫರ್ಡಿಗೆ

ಪರದೇಶದ ನಗರವೊಂದನ್ನು ಕಾಣಹೊರಟ ವಿದ್ಯಾರ್ಥಿಯು ಜೊತೆಗೆ ಒಯ್ಯಬೇಕಾದುದು ಏನು? ಉಣ್ಣೆಯ ಕೋಟು, ನಕಾಶೆ, ಕೈಯಲ್ಲಿ ನಾಲ್ಕು ಕಾಸು ಇವು ಬೇಕೇ ಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ ಹುಟ್ಟಿದ ಊರಿನ ನೆನಪು ಬೇಕೆಂದು ನನ್ನ ನಂಬಿಕೆ. ನವಲಗುಂದ, ಕುಂದಗೋಳಗಳ ಹಳ್ಳಿಗಳಿಂದ ನನ್ನ ವರ್ಗಕ್ಕೆ ಬರುವ ಹುಡುಗರು, ಕನ್ನಡ ಓದಿದವನಿಗೂ ಹೊರಜಗತ್ತಿಗೂ ಏನು ಸಂಬಂಧವೆಂದು ಕೇಳಿದಾಗಲೆಲ್ಲ ನಾನು ವಿನಾಯಕ ಕೃಷ್ಣ ಗೋಕಾಕರನ್ನು ನೆನೆಯುತ್ತೇನೆ.

ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಬೆಳೆದವರು ಗೋಕಾಕರು. ಪುಣೆಯಲ್ಲಿ ಅಧ್ಯಾಪಕರಾಗಿದ್ದ ಅವರು 1936ರಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿಗೆ ತೆರಳಿದರು; 1938ರವರೆಗೆ ಅಲ್ಲಿದ್ದರು. ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನ ಆ ಯಾತ್ರೆಯ ಫಲ.

ನಮ್ಮ ಸೀಮೆಯಿಂದ ಹೋದ ವಿದ್ಯಾರ್ಥಿಗೆ ಅಲ್ಲಿಯ ಡಿಸೆಂಬರದ ಒಂದು ದಿನ ಹೇಗಿದ್ದೀತೆಂದು ಕಲ್ಪಿಸಿಕೊಳ್ಳೋಣ. ನಮ್ಮ ಎರಿಯ ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟುವ ಆ ದಿನಗಳಲ್ಲಿ ಇಲ್ಲಿ ಹಗಲು ಹನ್ನೊಂದು ತಾಸು ಇರುತ್ತದೆ. ಅಲ್ಲಿಯಾದರೋ ಬೆಳಗಿನ ಎಂಟರ ಮೇಲೆ ಸೂರ್ಯೋದಯ, ಸಂಜೆಯ ನಾಲ್ಕಕ್ಕೆ ಮೊದಲೇ ಅಸ್ತಮಾನ! ಹೈ ಸ್ಟ್ರೀಟಿನ ಹಳೆಯ ಕಟ್ಟಡಗಳ ನಡುವೆ ನಡೆದು, ರ‍್ಯಾಡ್‌ಕ್ಲಿಫ್ ಭವನದ ದುಂಡನೆಯ ಗುಮ್ಮಟವನ್ನು ಕಂಡು, ಬೋಡ್ಲಿಯನ್ ಗ್ರಂಥಾಲಯವನ್ನು ಹೊಗುವಷ್ಟರಲ್ಲಿ ಅರ್ಧ ಹಗಲು ಕಳೆದಿರುತ್ತದೆ.

ಈ ಗ್ರಂಥಾಲಯವು ಓದುಗರಿಗೆ ತೆರೆದದ್ದು 1602ರಲ್ಲಿ. ಒಳಗೆ ಬೆಂಕಿ ಹೊತ್ತಿಸುವುದಿಲ್ಲವೆಂದು ಓದುಗನು ಪ್ರತಿಜ್ಞೆ ಮಾಡಬೇಕು. ಪುಸ್ತಕವನ್ನು ಯಾರಿಗೂ ಹೊರಗೆ ಕೊಡುವ ವಾಡಿಕೆಯಿಲ್ಲ; 1645ರಲ್ಲಿ ಅರಸನಾದ ಮೊದಲನೆಯ ಚಾರ್ಲ್ಸ್ ಕೇಳಿದಾಗಲೂ ಕೊಡಲಿಲ್ಲ. ಚಳಿಯನ್ನಾದರೂ ಸಹಿಸಿಯೇವು, ಗ್ರಂಥಕ್ಕೆ ಮಾತ್ರ ಕೇಡಾಗಬಾರದು ಎಂಬ ಈ ಹಟವನ್ನು ನೋಡಿ, ನಮ್ಮ ಮನೆಗಳ ಅಟ್ಟದ ಮೇಲೆ ಹುಳು ತಿಂದ ತಾಳೆಗರಿಗಳು ಯಾರ ಕಣ್ಣ ಮುಂದೆ ಬಾರವು?

ಅಲ್ಲಿ ಆಂಗ್ಲ ಸಾಹಿತ್ಯವನ್ನು ಓದುವವನು ಹಳೆಯ ಇಂಗ್ಲಿಷನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಗೋಕಾಕರ ಕಾಲದಲ್ಲಿ ಆ ಭಾಷೆಯ ಪ್ರಾಧ್ಯಾಪಕರಾಗಿದ್ದವರು ಟೋಲ್ಕಿನ್. ‘ಬೇವುಲ್ಫ್’ ಕಾವ್ಯದ ಉಳಿದಿರುವ ಏಕೈಕ ಹಸ್ತಪ್ರತಿ ಸುಮಾರು 1000ನೆಯ ಇಸವಿಯದು. ನಮ್ಮ ಪಂಪನು ಭಾರತವನ್ನು ರಚಿಸಿದ್ದು 941ರ ಸುಮಾರಿಗೆ. ಆತನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಮನೆತನದವಳು. ಇಂಗ್ಲಿಷರು ತಮ್ಮ ಹಳೆಯ ನುಡಿಯನ್ನು ಕಷ್ಟವೆಂದು ಕೈಬಿಡಲಿಲ್ಲ. ಹಳಗನ್ನಡದ ಪಾಠ ಬಂತೆಂದರೆ ಮುಖ ಬಾಡಿಸುವ ನಮ್ಮ ವಿದ್ಯಾರ್ಥಿಗಳಿಗೂ, ಅದನ್ನು ಪರೀಕ್ಷೆಗೆ ಮಾತ್ರ ಕಲಿಸಿ ಮುಗಿಸುವ ನಮ್ಮಂಥ ಅಧ್ಯಾಪಕರಿಗೂ ಇದಕ್ಕಿಂತ ಬೇರೆ ಉಪದೇಶ ಬೇಕೇ?

ರಾತ್ರಿ ಒಂಬತ್ತು ಗಂಟೆ ಐದು ನಿಮಿಷಕ್ಕೆ ಕ್ರೈಸ್ಟ್ ಚರ್ಚ್ ಕಾಲೇಜಿನ ಗೋಪುರದಲ್ಲಿ ‘ಟಾಮ್’ ಎಂಬ ಘಂಟೆ ನೂರೊಂದು ಸಲ ಬಾರಿಸುತ್ತದೆ. ಆಕ್ಸ್‌ಫರ್ಡಿನ ಹಳೆಯ ಸ್ಥಳೀಯ ಕಾಲಮಾನ ಗ್ರೀನಿಚ್ಚಿಗಿಂತ ಐದು ನಿಮಿಷ ಹಿಂದೆ. ಆದುದರಿಂದ ಅದರ ಲೆಕ್ಕಕ್ಕೆ ಆಗ ಸರಿಯಾಗಿ ಒಂಬತ್ತು. ಜಗತ್ತಿನೊಡನೆ ನಡೆಯುತ್ತಲೇ ತನ್ನ ಗಡಿಯಾರವನ್ನು ಮರೆಯದ ಊರು ಅದು.

ಗೋಕಾಕರೂ ಹಾಗೆಯೇ ನಡೆದರು. ಆಂಗ್ಲ ಸಾಹಿತ್ಯವನ್ನು ಅರಗಿಸಿಕೊಂಡು ಬಂದವರು ಕನ್ನಡದಲ್ಲಿಯೇ ‘ಸಮುದ್ರ ಗೀತೆಗಳ’ನ್ನು ಹಾಡಿದರು, ನವ್ಯಕಾವ್ಯಕ್ಕೆ ಹಾದಿ ಮಾಡಿದರು. ಇಂದು ನಮ್ಮ ಹಳ್ಳಿಗಳಿಂದಲೂ ಮಕ್ಕಳು ಯುರೋಪಿಗೆ ಓದಲು ಹೋಗುತ್ತಿದ್ದಾರೆ. ಹೋಗಲಿ, ಕಣ್ತುಂಬ ನೋಡಲಿ. ಆದರೆ ಹೊರಡುವ ಮೊದಲು ಒಂದು ದಿನ ಅಣ್ಣಿಗೇರಿಗೆ ಹೋಗಿ, ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿಯ ಕಂಬಗಳ ನಡುವೆ ನಿಧಾನವಾಗಿ ನಡೆದುಬರಲಿ. ಮನೆಯ ಹತ್ತಿರದ ಕಲ್ಲನ್ನು ನೋಡಲು ಕಲಿತ ಕಣ್ಣಿಗೆ ದೂರದ ಗೋಪುರವೂ ನಿಜವಾಗಿ ಕಂಡೀತು.