ಒಂದೇ ರನ್, 645 ಅರ್ಥ

ಇಂಗ್ಲಿಷಿನಲ್ಲಿ ನದಿ, ನಲ್ಲಿ, ಮೂಗು ಮೂರೂ ‘ರನ್’ ಆಗುತ್ತವೆ. ಒಗೆದಾಗ ಬಟ್ಟೆ ಬಣ್ಣ ಬಿಟ್ಟರೂ ರನ್, ಅಂಗಡಿ ನಡೆಸಿದರೂ ರನ್, ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಚಾಲೂ ಮಾಡಿದರೂ ರನ್. ಚುನಾವಣೆಗೆ ಅಮೆರಿಕದವರು ‘ರನ್’ ಮಾಡುತ್ತಾರೆ. ಬ್ರಿಟನ್ನಿನವರು ನಮ್ಮ ಹಾಗೆ ನಿಲ್ಲುತ್ತಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪೀಟರ್ ಗಿಲಿವರ್ ಈ ಒಂದು ಕ್ರಿಯಾಪದದ ಅರ್ಥಗಳನ್ನು ವಿಂಗಡಿಸಲು ಒಂಬತ್ತು ತಿಂಗಳು ಕೂತರು. ಲೆಕ್ಕ 645ಕ್ಕೆ ನಿಂತಿತು. ಅದಕ್ಕೂ ಮುಂಚೆ, 1989ರ ಆವೃತ್ತಿಯಲ್ಲಿ, ಮೊದಲ ಸ್ಥಾನ ‘ಸೆಟ್’ ಕ್ರಿಯಾಪದದ್ದಾಗಿತ್ತು: 430 ಅರ್ಥ. ನಮ್ಮ ಸೆಟ್ ದೋಸೆ ಅದರಲ್ಲಿ ಸೇರಿಲ್ಲ ಬಿಡಿ, ಅದು ನಾಮಪದ.

ಹೆಚ್ಚು ಬಳಕೆಯ ಪದಕ್ಕೆ ಅರ್ಥಗಳೂ ಹೆಚ್ಚು ಎಂಬುದನ್ನು ಭಾಷಾವಿಜ್ಞಾನಿ ಜಾರ್ಜ್ ಜಿಪ್ಫ್ 1945ರಲ್ಲೇ ತೋರಿಸಿದ್ದರು. ಇದು ಇಂಗ್ಲಿಷಿನ ಚಾಳಿ ಮಾತ್ರವಲ್ಲ. ಕನ್ನಡದಲ್ಲೂ ಬಸ್ಸು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಪರೀಕ್ಷೆ ಹತ್ತಿರ ಬಂದರೆ ತಲೆಯೇ ಓಡುವುದಿಲ್ಲ. ಆದರೆ ನಮ್ಮ ಮೂಗು ಓಡುವುದಿಲ್ಲ, ಸೋರುತ್ತದೆ.

‘ಬ್ಯಾಟ್’ ಕಥೆ ಬೇರೆ. ಕ್ರಿಕೆಟ್ ಬ್ಯಾಟಿಗೂ ಬಾವಲಿಗೂ ಸಂಬಂಧವೇ ಇಲ್ಲ. ಎರಡು ಬೇರೆ ಬೇರೆ ಮೂಲದ ಪದಗಳು ಸವೆದು ಸವೆದು ಒಂದೇ ರೂಪಕ್ಕೆ ಬಂದಿವೆ. ಒಂದೇ ಪದಕ್ಕೆ ಹಲವು ಅರ್ಥ, ಒಂದೇ ರೂಪಕ್ಕೆ ಎರಡು ಪದ ಎಂಬ ಈ ವ್ಯತ್ಯಾಸ ಪಂಡಿತರ ಕೂದಲು ಸೀಳುವ ಕೆಲಸ ಅನ್ನಿಸಬಹುದು, ಆದರೆ ಮಿದುಳಿಗೂ ಅದು ಗೊತ್ತಾಗುತ್ತದೆ. ಮನೋವಿಜ್ಞಾನಿ ಜೆನಿಫರ್ ರಾಡ್ ಮತ್ತು ಸಂಗಡಿಗರು 2002ರಲ್ಲಿ ಕಂಡುಕೊಂಡ ಪ್ರಕಾರ, ಒಂದಕ್ಕೊಂದು ನಂಟಿರುವ ಹಲವು ಅರ್ಥಗಳ ಪದವನ್ನು ನಾವು ಬೇಗ ಗುರುತಿಸುತ್ತೇವೆ. ಸಂಬಂಧವಿಲ್ಲದ ಅರ್ಥಗಳನ್ನು ಹೊತ್ತ ಪದಕ್ಕೆ ತುಸು ತಡವರಿಸುತ್ತೇವೆ.

ಹಾಗಾದರೆ ಮಾತು ಕೇಳುವಾಗ ಸರಿಯಾದ ಅರ್ಥ ಹೇಗೆ ಹೊಳೆಯುತ್ತದೆ? 1979ರಲ್ಲಿ ಮನೋವಿಜ್ಞಾನಿ ಡೇವಿಡ್ ಸ್ವಿನ್ನಿ ಒಂದು ಜಾಣ ಪ್ರಯೋಗ ಮಾಡಿದರು. ಇಂಗ್ಲಿಷಿನ ‘ಬಗ್’ ಅಂದರೆ ಹುಳು. ಕದ್ದು ಕೇಳಲು ಅಡಗಿಸಿಡುವ ಪುಟ್ಟ ಮೈಕ್ ಕೂಡ. ಭಾಗವಹಿಸಿದವರ ಕಿವಿಗೆ ಹೆಡ್‌ಫೋನ್ ಹಾಕಿ, ಸರ್ಕಾರಿ ಕಟ್ಟಡದ ಕೋಣೆಯೊಂದರ ಮೂಲೆಯಲ್ಲಿ ಜೇಡ, ಜಿರಲೆ ಮತ್ತಿತರ ‘ಬಗ್’ಗಳು ಸಿಕ್ಕವು ಎಂಬ ವಾಕ್ಯ ಕೇಳಿಸಿದರು. ‘ಬಗ್’ ಕಿವಿಗೆ ಬಿದ್ದ ತಕ್ಷಣ ಪರದೆಯ ಮೇಲೆ ಒಂದು ಪದ ಮೂಡುತ್ತಿತ್ತು: ಇರುವೆ, ಗೂಢಚಾರ ಅಥವಾ ಹೊಲಿಯುವುದು ಎಂಬರ್ಥದ ಇಂಗ್ಲಿಷ್ ಪದ. ಅದು ನಿಜವಾದ ಪದವೋ ಅಲ್ಲವೋ ಎಂದು ಗುಂಡಿ ಒತ್ತಿ ಹೇಳಬೇಕು.

ಜೇಡ, ಜಿರಲೆ ಎಂದ ಮೇಲೆ ಇರುವೆಯನ್ನು ಬೇಗ ಗುರುತಿಸುವುದು ಸಹಜ. ಅಚ್ಚರಿಯೆಂದರೆ ಗೂಢಚಾರನನ್ನೂ ಅಷ್ಟೇ ಬೇಗ ಗುರುತಿಸಿದರು! ಹೊಲಿಗೆಗೆ ಮಾತ್ರ ಆ ಲಾಭ ಸಿಗಲಿಲ್ಲ. ಅವೇ ಪದಗಳನ್ನು ‘ಬಗ್’ ಕೇಳಿಸಿ ಮೂರು ಉಚ್ಚಾರಾಂಶ ಕಳೆದ ಮೇಲೆ ತೋರಿಸಿದಾಗ ಗೂಢಚಾರ ಮಾಯವಾಗಿದ್ದ, ಇರುವೆ ಉಳಿದಿತ್ತು. ಅಂದರೆ ಸಂದರ್ಭ ಸ್ಪಷ್ಟವಿದ್ದರೂ ಮಿದುಳು ಮೊದಲು ಎರಡೂ ಅರ್ಥಗಳನ್ನು ಎಬ್ಬಿಸಿ, ಆಮೇಲೆ ಬೇಡದ್ದನ್ನು ಕೈಬಿಡುತ್ತದೆ. ನಮಗೆ ಅದರ ಸುಳಿವೇ ಹತ್ತುವುದಿಲ್ಲ.

ಯಂತ್ರಗಳಿಗೆ ಇದು ಬಹಳ ಕಾಲ ಕಬ್ಬಿಣದ ಕಡಲೆಯಾಗಿತ್ತು. ಹುಡುಗನೊಬ್ಬ ಆಟಿಕೆ ಪೆಟ್ಟಿಗೆ ಹುಡುಕುತ್ತಾನೆ, ಅದು ‘ಪೆನ್’ ಒಳಗೆ ಸಿಗುತ್ತದೆ. ಇಲ್ಲಿ ಪೆನ್ ಅಂದರೆ ಬರೆಯುವ ಪೆನ್ನಲ್ಲ, ಮಕ್ಕಳನ್ನು ಆಡಲು ಬಿಡುವ ಕಟಕಟೆ. ಪೆನ್ನಿನೊಳಗೆ ಪೆಟ್ಟಿಗೆ ಹಿಡಿಸದು ಎಂಬ ಲೋಕಜ್ಞಾನ ಕಂಪ್ಯೂಟರಿಗೆ ಎಲ್ಲಿಂದ ಬರಬೇಕು ಎಂದು 1960ರಲ್ಲಿ ಭಾಷಾವಿಜ್ಞಾನಿ ಯೆಹೋಶುವಾ ಬಾರ್-ಹಿಲ್ಲೆಲ್ ಕೇಳಿದರು. ಪೂರ್ತಿ ಸ್ವಯಂಚಾಲಿತವಾದ ಉತ್ತಮ ಅನುವಾದ ಆಗದ ಮಾತು ಎಂದುಬಿಟ್ಟರು. ಪ್ರತಿ ಪದವನ್ನೂ ಸಂಖ್ಯೆಗಳ ಪಟ್ಟಿಯಾಗಿ ಬದಲಿಸುವ, 2013ರಲ್ಲಿ ಬಂದ ವರ್ಡ್‌ಟುವೆಕ್ ವಿಧಾನದಲ್ಲೂ ಎರಡೂ ಪೆನ್ನುಗಳಿಗೆ ಒಂದೇ ಸಂಖ್ಯಾಪಟ್ಟಿ. 2018ರಲ್ಲಿ ಗೂಗಲ್ ಹೊರತಂದ ಬರ್ಟ್ ಎಂಬ ಭಾಷಾ ಮಾದರಿ, ಪದದ ಅಕ್ಕಪಕ್ಕ ಏನಿದೆ ಎಂದು ನೋಡಿ ಪ್ರತಿ ವಾಕ್ಯದಲ್ಲೂ ಆ ಪಟ್ಟಿಯನ್ನು ಹೊಸದಾಗಿ ಲೆಕ್ಕ ಹಾಕಿತು. ಬಾರ್-ಹಿಲ್ಲೆಲ್ ಅವರ ನಿರಾಶೆ ಸ್ವಲ್ಪ ಅತಿಯಾಯಿತು, ಅವರ ಪ್ರಶ್ನೆ ಮಾತ್ರ ಸರಿಯಾಗಿತ್ತು.

ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಮನೆಯಲ್ಲಿದ್ದರೆ, ನಿಘಂಟಿನ ಮೊದಲ ಅರ್ಥಕ್ಕೇ ಪುಸ್ತಕ ಮುಚ್ಚಲು ಬಿಡಬೇಡಿ. ಕೆಳಗಿರುವ ಉದಾಹರಣೆ ವಾಕ್ಯಗಳನ್ನೂ ಓದಿಸಿ.