ಔಷಧಿ ಅಂಗಡಿಯಲ್ಲಿ ಯಾವುದನ್ನು ಕೇಳಬಹುದು, ಯಾವುದನ್ನು ಕೇಳಬಾರದು? ಹಾಲು ಉತ್ಪಾದಕ ಸೋದರಿಯರಿಗೆ ಆರೋಗ್ಯ ಮಾಹಿತಿ



ಕೊಟ್ಟಿಗೆಯ ಹಸುವಿಗೆ ಕೆಚ್ಚಲು ಬಾವು ಬಂದರೆ ಅದೇ ದಿನ ಸಂಘದ ಕಾರ್ಯದರ್ಶಿಗೆ ತಿಳಿಸಿ ಪಶುವೈದ್ಯರನ್ನು ಕರೆಸುತ್ತೇವೆ. ಹಾಲು ಕಡಿಮೆಯಾದರೆ ಅದರ ನಷ್ಟ ಎಷ್ಟೆಂದು ನಮಗೆ ಗೊತ್ತು. ಆದರೆ ಆ ಹಸುವನ್ನು ಸಾಕುವ ಹೆಣ್ಣುಮಗಳಿಗೇ ಉರಿಮೂತ್ರ, ಬಿಳಿ ಸೆರಗು, ಅತಿಸ್ರಾವ, ಸುಸ್ತು ಕಾಣಿಸಿಕೊಂಡರೆ ತಿಂಗಳುಗಟ್ಟಲೆ ಯಾರಿಗೂ ಹೇಳುವುದಿಲ್ಲ. ತಡೆಯಲಾರದಷ್ಟಾದಾಗ ಪೇಟೆಗೆ ಹೊರಟ ಗಂಡನ ಕೈಯಲ್ಲೋ ಮಗನ ಕೈಯಲ್ಲೋ "ಹೊಟ್ಟೆನೋವಿಗೆ ಒಂದು ಮಾತ್ರೆ ತನ್ನಿ" ಎಂದು ಹೇಳಿ ಕಳಿಸುತ್ತಾರೆ. ಹೋದವರಿಗೆ ನಿಜವಾದ ತೊಂದರೆ ಗೊತ್ತಿರುವುದಿಲ್ಲ. ಅಂಗಡಿಯವರು ಕೇಳಿದರೂ ಹೇಳಲು ಸಂಕೋಚ. ಕೊಟ್ಟ ಮಾತ್ರೆ ಮನೆಗೆ ಬರುತ್ತದೆ, ಕಾಯಿಲೆ ಒಳಗೇ ಉಳಿಯುತ್ತದೆ.

ಕ್ಯಾಲನೂರಿನಂತಹ ಊರಿನಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕಿ, ನಡುವೆ ಮೇವು, ಸಗಣಿ, ಟೊಮೇಟೊ ತೋಟದ ಕೂಲಿ ಎಲ್ಲವನ್ನೂ ನೋಡಿಕೊಳ್ಳುವವರಿಗೆ ಕೋಲಾರದ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದೆಂದರೆ ಒಂದು ದಿನದ ಕೆಲಸ ಹೋದಂತೆ. ಔಷಧಿ ಅಂಗಡಿ ಹತ್ತಿರದ ದಾರಿಯಾಗಿ ಕಾಣುವುದು ಸಹಜ. ಅಂಗಡಿಗೆ ಹೋಗಲೇಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಯಾವ ತೊಂದರೆಗೆ ಅಂಗಡಿ ಸಾಕು, ಯಾವುದಕ್ಕೆ ಸಾಲದು ಎಂಬುದನ್ನು ಪ್ರತಿಯೊಬ್ಬ ಸದಸ್ಯೆಯೂ ತಿಳಿದಿರಬೇಕು.

ಕೆಂಪು ಗೆರೆಯ ಅರ್ಥ

ನಮ್ಮ ದೇಶದಲ್ಲಿ ಔಷಧಿ ಮಾರಾಟವು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ ಹಾಗೂ 1945ರ ನಿಯಮಗಳಿಗೆ ಒಳಪಟ್ಟಿದೆ. ಈ ನಿಯಮಗಳಲ್ಲಿ 'ಷೆಡ್ಯೂಲ್ ಹೆಚ್' ಎಂಬ ಪಟ್ಟಿಯಿದೆ. ಅದರಲ್ಲಿರುವ ಔಷಧಿಯನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದು. ಕೆಲವು ಬಲವಾದ ಆ್ಯಂಟಿಬಯೋಟಿಕ್‌ಗಳು ಮುಂತಾದವನ್ನು 2013ರಲ್ಲಿ 'ಹೆಚ್ 1' ಎಂಬ ಇನ್ನೂ ಬಿಗಿಯಾದ ಪಟ್ಟಿಗೆ ಸೇರಿಸಲಾಯಿತು. ಇವನ್ನು ಮಾರಿದಾಗ ರೋಗಿಯ ಮತ್ತು ವೈದ್ಯರ ಹೆಸರನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಓದು ಬಾರದವರೂ ಒಂದು ಗುರುತು ಹಿಡಿಯಬಹುದು. ಮಾತ್ರೆಯ ಹಾಳೆಯ ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರು ಹೇಳಿದ ಮೇಲೆ ಮಾತ್ರ ನುಂಗಬೇಕಾದ ಔಷಧಿ.

ಮುಟ್ಟಿನ ನೋವು

ಮುಟ್ಟಿನ ಮೊದಲ ಒಂದೆರಡು ದಿನ ಕಿಬ್ಬೊಟ್ಟೆ, ಸೊಂಟ ನೋಯುವುದು ಸಾಮಾನ್ಯ. ಬಿಸಿನೀರಿನ ಶಾಖ ಕೊಟ್ಟುಕೊಳ್ಳುವುದರಿಂದ ಬಹಳ ಮಂದಿಗೆ ಆರಾಮವಾಗುತ್ತದೆ. ಬೇಕಾದರೆ 500 ಮಿ.ಗ್ರಾಂ. ಪ್ಯಾರಾಸಿಟಮಾಲ್ ಮಾತ್ರೆಯನ್ನು ತೆಗೆದುಕೊಳ್ಳಬಹುದು. ಒಂದು ಸಲಕ್ಕೂ ಮತ್ತೊಂದು ಸಲಕ್ಕೂ ಕನಿಷ್ಠ ಆರು ಗಂಟೆ ಅಂತರವಿರಲಿ. ಐಬುಪ್ರೊಫೆನ್ ಮಾತ್ರೆ ಈ ನೋವಿಗೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದನ್ನು ಊಟದ ಮೇಲೆಯೇ ನುಂಗಬೇಕು. ಹೊಟ್ಟೆಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಅದನ್ನು ಮುಟ್ಟಬಾರದು.

ಅಂಗಡಿಗಳಲ್ಲಿ ಹೆಚ್ಚಾಗಿ ಕೊಡುವುದು ಮೆಫೆನಾಮಿಕ್ ಆಸಿಡ್ ಇರುವ ಮಾತ್ರೆಯನ್ನು. ಈ ಔಷಧಿಯಿಂದ ಅಪರೂಪಕ್ಕೆ ಮೈಮೇಲೆ ಗಂಧೆ, ಜ್ವರ, ಒಳಗಿನ ಅಂಗಗಳ ಊತ ಬರುವ ತೀವ್ರ ಅಲರ್ಜಿ ಉಂಟಾಗಬಹುದೆಂದು ಭಾರತೀಯ ಫಾರ್ಮಾಕೋಪಿಯಾ ಆಯೋಗವು 2023ರ ನವೆಂಬರ್‌ನಲ್ಲಿ ಎಚ್ಚರಿಕೆ ನೀಡಿದೆ. ಮಾತ್ರೆ ನುಂಗಿದ ಮೇಲೆ ಗಂಧೆ ಎದ್ದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ವರ್ಷದಿಂದ ವರ್ಷಕ್ಕೆ ನೋವು ಹೆಚ್ಚುತ್ತಿದ್ದರೆ, ಏಳು ದಿನ ಮೀರಿ ಸ್ರಾವವಾದರೆ, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದರೆ ಅಥವಾ ದೊಡ್ಡ ಗಡ್ಡೆಗಳು ಬಿದ್ದರೆ ನೋವಿನ ಮಾತ್ರೆ ಅದಕ್ಕೆ ಪರಿಹಾರವಲ್ಲ.

ಬಿಳಿ ಸೆರಗು

ನಮ್ಮ ಹಳ್ಳಿಗಳಲ್ಲಿ ಅತಿ ಹೆಚ್ಚು ಮುಚ್ಚಿಡುವ ತೊಂದರೆ ಇದೇ. ಎಲ್ಲಾ ಬಿಳಿ ಸೆರಗೂ ರೋಗವಲ್ಲವೆಂದು ಮೊದಲು ತಿಳಿಯಬೇಕು. ಎರಡು ಮುಟ್ಟುಗಳ ನಡುವಿನ ದಿನಗಳಲ್ಲಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಲೋಳೆಯಾಗಿ ಹೋಗುವುದು ಸಹಜ. ಗರ್ಭಿಣಿಯರಲ್ಲೂ ಸ್ವಲ್ಪ ಹೆಚ್ಚಿರುತ್ತದೆ. ವಾಸನೆ, ತುರಿಕೆ, ಉರಿ ಇಲ್ಲದಿದ್ದರೆ ಔಷಧಿ ಬೇಕಿಲ್ಲ. ಇದರಿಂದ "ಮೂಳೆ ಕರಗುತ್ತದೆ, ಶಕ್ತಿ ಸೋರಿಹೋಗುತ್ತದೆ" ಎಂಬ ಮಾತಿಗೆ ಆಧಾರವಿಲ್ಲ.

ರೋಗದ ಸೆರಗು ಮುಖ್ಯವಾಗಿ ಮೂರು ಬಗೆ.

1. ಒಡೆದ ಹಾಲಿನಂತೆ ಗಟ್ಟಿಗಟ್ಟಿಯಾಗಿ ಹೋಗಿ ವಿಪರೀತ ತುರಿಕೆ ಇದ್ದರೆ ಅದು ಬೂಷ್ಟಿನ (ಶಿಲೀಂಧ್ರದ) ಸೋಂಕು. ಕ್ಲೋಟ್ರಿಮಜೋಲ್ ಎಂಬ, ಒಳಗೆ ಇಡುವ ಮಾತ್ರೆಯಿಂದ ಸಾಮಾನ್ಯವಾಗಿ ವಾಸಿಯಾಗುತ್ತದೆ. ಮೇಲಿಂದ ಮೇಲೆ ಬಂದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಬೇಕು. ಆ್ಯಂಟಿಬಯೋಟಿಕ್ ತೆಗೆದುಕೊಂಡ ನಂತರವೂ ಇದು ಬರುವುದುಂಟು.

2. ತೆಳುವಾಗಿ, ಬೂದು ಬಣ್ಣಕ್ಕಿದ್ದು, ಮೀನಿನಂತಹ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಾಗಳ ಏರುಪೇರಿನಿಂದ ಬಂದದ್ದು. ಬೂಷ್ಟಿನ ಔಷಧಿಗೆ ಇದು ಬಗ್ಗುವುದಿಲ್ಲ.

3. ಹಳದಿ ಅಥವಾ ಹಸಿರು ಬಣ್ಣ, ನೊರೆ, ಉರಿ ಇದ್ದರೆ ಅದು ಗಂಡ ಹೆಂಡಿರ ನಡುವೆ ಹರಡುವ ಸೋಂಕಾಗಿರಬಹುದು. ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗದಿದ್ದರೆ ಮತ್ತೆ ಮತ್ತೆ ಬರುತ್ತದೆ.

ಮೂರಕ್ಕೂ ಔಷಧಿ ಬೇರೆ ಬೇರೆ. ಅಂಗಡಿಯಲ್ಲಿ ಮೂರು ಬಗೆಯ ಮಾತ್ರೆ ಸೇರಿಸಿದ 'ಕಿಟ್' ಒಂದನ್ನು ಕೊಟ್ಟು ಎಲ್ಲದಕ್ಕೂ ಆಗುತ್ತದೆ ಎನ್ನುವುದುಂಟು. ಅದರಲ್ಲಿರುವುದು ಚೀಟಿ ಬೇಕಾದ ಔಷಧಿಗಳು. ಗರ್ಭಿಣಿಯಾಗಿದ್ದರೆ ಅವುಗಳಲ್ಲಿ ಕೆಲವು ಮಗುವಿಗೆ ಒಳ್ಳೆಯದಲ್ಲ. ಪರೀಕ್ಷಿಸಿ ಕೊಡುವ ಇಂತಹುದೇ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ತುರಿಕೆಗೆಂದು ಮಾರುವ ಮುಲಾಮುಗಳ ವಿಷಯದಲ್ಲೂ ಎಚ್ಚರ ಅಗತ್ಯ. ಅನೇಕ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ದಿನ ತಂಪೆನಿಸುತ್ತದೆ, ಆದರೆ ಚರ್ಮ ತೆಳುವಾಗಿ ಸೋಂಕು ಒಳಗೊಳಗೇ ಹರಡುತ್ತದೆ. ಇಂತಹ ಹಲವು ಮುಲಾಮುಗಳನ್ನು 2018ರಲ್ಲಿ ಷೆಡ್ಯೂಲ್ ಹೆಚ್ ಪಟ್ಟಿಗೆ ಸೇರಿಸಲಾಗಿದೆ. ಹಸುವಿನ ಕೆಚ್ಚಲಿಗೆಂದು ತಂದ ಟ್ಯೂಬನ್ನು ಯಾವ ಕಾರಣಕ್ಕೂ ಮನುಷ್ಯರು ಬಳಸಕೂಡದು.

ಬಿಳಿ ಸೆರಗನ್ನು ಅಲಕ್ಷ್ಯ ಮಾಡುವುದರ ಬೆಲೆ ದೊಡ್ಡದು. ಕಲಬುರಗಿ ಜಿಲ್ಲೆಯ ತಾಂಡಾಗಳ ನೂರಾರು ಹೆಣ್ಣುಮಕ್ಕಳಿಗೆ ಹೊಟ್ಟೆನೋವು, ಬಿಳಿ ಸೆರಗಿನಂತಹ ತೊಂದರೆಗಳಿಗೇ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರು 2015ರಲ್ಲಿ ಬೆಳಕಿಗೆ ಬಂತು. ಒಂದು ವಾರದ ಔಷಧಿಯಲ್ಲಿ ವಾಸಿಯಾಗುವ ಸೋಂಕಿಗೆ ಗರ್ಭಕೋಶ ತೆಗೆಸುವುದು ಚಿಕಿತ್ಸೆಯಲ್ಲ. ಆಪರೇಷನ್ ಆಗಬೇಕೆಂದು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವ ಹಕ್ಕು ನಿಮಗಿದೆ.

ಉರಿಮೂತ್ರ

ಹೊಲದಲ್ಲಿ ಮರೆ ಇಲ್ಲವೆಂದು ಇಡೀ ದಿನ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಕೆಲಸ ಮಾಡುವವರಲ್ಲಿ ಇದು ಹೆಚ್ಚು. ಅಂಗಡಿಯಲ್ಲಿ ಕೊಡುವ, ನೀರಿಗೆ ಬೆರೆಸಿ ಕುಡಿಯುವ ಸಿರಪ್ಪು ಉರಿಯನ್ನು ತಗ್ಗಿಸುತ್ತದೆ, ಸೋಂಕನ್ನು ಕೊಲ್ಲುವುದಿಲ್ಲ. ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಚಳಿಜ್ವರ, ಬೆನ್ನಿನ ಪಕ್ಕೆ ನೋವು, ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಗರ್ಭಿಣಿಯಾಗಿದ್ದರೆ ಒಂದು ದಿನವೂ ಕಾಯಬಾರದು.

ವೈದ್ಯರು ಐದು ದಿನದ ಆ್ಯಂಟಿಬಯೋಟಿಕ್ ಬರೆದರೆ ಐದೂ ದಿನ ನುಂಗಬೇಕು. ಕೆಚ್ಚಲು ಬಾವಿಗೆ ಹೇಳಿದಷ್ಟು ದಿನ ಟ್ಯೂಬ್ ಏರಿಸದೆ ನಡುವೆ ನಿಲ್ಲಿಸಿದರೆ ಬಾವು ಮತ್ತೆ ಬಂದು, ಮುಂದಿನ ಸಲ ಅದೇ ಔಷಧಿಗೆ ಬಗ್ಗದಿರುವುದನ್ನು ನೀವು ಕಂಡಿದ್ದೀರಿ. ನಮ್ಮ ಮೈಯಲ್ಲೂ ನಡೆಯುವುದು ಅದೇ.

ರಕ್ತಹೀನತೆ ಮತ್ತು ಕಬ್ಬಿಣದ ಮಾತ್ರೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಡೇರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತ ಇಬ್ಬರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ. ಇದಕ್ಕೆ ಟಾನಿಕ್ ಬಾಟಲಿಗೆ ಹಣ ಸುರಿಯಬೇಕಾಗಿಲ್ಲ. 60 ಮಿ.ಗ್ರಾಂ. ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುವ ಕೆಂಪು ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ರಕ್ತಹೀನತೆ ಇಲ್ಲದ ಮಹಿಳೆಗೆ ಮುನ್ನೆಚ್ಚರಿಕೆಯಾಗಿ ವಾರಕ್ಕೊಂದು, ಗರ್ಭಿಣಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಹಿಮೋಗ್ಲೋಬಿನ್ 12 ಗ್ರಾಂಗಿಂತ (ಗರ್ಭಿಣಿಗೆ 11 ಗ್ರಾಂಗಿಂತ) ಕಡಿಮೆ ಇದ್ದರೆ ಎಷ್ಟು ಮಾತ್ರೆ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಹೈನುಗಾರ ಮನೆಗಳಲ್ಲಿ ಒಂದು ತಪ್ಪು ಸಾಮಾನ್ಯವಾಗಿ ನಡೆಯುತ್ತದೆ. ಒಳ್ಳೆಯದೆಂದು ತಿಳಿದು ಕಬ್ಬಿಣದ ಮಾತ್ರೆಯನ್ನು ಹಾಲಿನ ಜೊತೆ ನುಂಗುತ್ತಾರೆ. ಹಾಲಿನಲ್ಲಿರುವ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ಕಾಫಿ, ಟೀ ಸಹ ಹಾಗೆಯೇ. ಹಾಲು ಖಂಡಿತ ಕುಡಿಯಿರಿ, ಆದರೆ ಮಾತ್ರೆಗೂ ಹಾಲಿಗೂ ಎರಡು ಗಂಟೆ ಅಂತರವಿಡಿ. ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಚೆನ್ನಾಗಿ ಹಿಡಿಯುತ್ತದೆ. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಹೊಟ್ಟೆ ತೊಳಸಿದಂತಾದರೆ ರಾತ್ರಿ ಊಟದ ನಂತರ ನುಂಗಿ, ನಿಲ್ಲಿಸಬೇಡಿ.

ಮುಟ್ಟು ಮುಂದೂಡುವ ಮಾತ್ರೆ

ತಿರುಪತಿ ಪ್ರಯಾಣ, ಅವನಿ ಜಾತ್ರೆ, ಮನೆಯಲ್ಲಿ ಮದುವೆ ಎಂದು ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ಕೊಳ್ಳುವುದು ಸಾಮಾನ್ಯವಾಗಿದೆ. ಇದು ನೋರೆಥಿಸ್ಟೆರಾನ್ ಎಂಬ ಹಾರ್ಮೋನು, ಚೀಟಿ ಬೇಕಾದ ಔಷಧಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇರುವವರು, ಯಕೃತ್ತಿನ ಕಾಯಿಲೆ ಇರುವವರು, ಗರ್ಭಿಣಿಯಾಗಿರುವ ಅನುಮಾನ ಇರುವವರು ಇದನ್ನು ನುಂಗಬಾರದು. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ನಾದಿನಿ, ಓರಗಿತ್ತಿಯರು ಹಂಚಿಕೊಳ್ಳುವುದು ತಪ್ಪು. ಮಾತ್ರೆಯ ಅವಧಿಯಲ್ಲಿ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಉಸಿರು ಕಟ್ಟುವುದು ಕಂಡರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮುಟ್ಟು ನಿಂತಾಗ

ಮೊದಲು ಮಾಡಬೇಕಾದದ್ದು ಮೂತ್ರದಿಂದ ಗರ್ಭ ಪರೀಕ್ಷೆ. ಇದರ ಪಟ್ಟಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ಆಶಾ ಕಾರ್ಯಕರ್ತೆಯ ಬಳಿಯೂ ಕೇಳಬಹುದು. "ಮುಟ್ಟು ಬರಿಸುವ ಮಾತ್ರೆ" ಎಂದು ಗುಟ್ಟಾಗಿ ಕೊಳ್ಳುವುದು ಪ್ರಾಣಕ್ಕೆ ಕುತ್ತು. ಗರ್ಭವು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಂತೆ (2021ರಲ್ಲಿ ತಿದ್ದುಪಡಿಯಾದಂತೆ), ಕಾಯ್ದೆ ಹೇಳಿದ ಕಾರಣಗಳಿಗೆ 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಕಾನೂನುಬದ್ಧ. ಹೆಸರನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. ಹೀಗಿರುವಾಗ ಅಂಗಡಿಯ ಹಿಂಬಾಗಿಲು ಯಾಕೆ?

ತುರ್ತು ಗರ್ಭನಿರೋಧಕ ಮಾತ್ರೆ ಬೇರೆ. ಅದನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ನುಂಗಬೇಕು. ಅದು ಬಸಿರನ್ನು ತೆಗೆಯುವುದಿಲ್ಲ, ಪದೇಪದೇ ಬಳಸುವುದಕ್ಕೂ ಅಲ್ಲ. ನಿಯಮಿತ ಬಳಕೆಗೆ 'ಛಾಯಾ' ಮಾತ್ರೆ (ಮೊದಲ ಮೂರು ತಿಂಗಳು ವಾರಕ್ಕೆರಡು, ನಂತರ ವಾರಕ್ಕೊಂದು), ಮೂರು ತಿಂಗಳಿಗೊಮ್ಮೆಯ 'ಅಂತರಾ' ಇಂಜೆಕ್ಷನ್, ಕಾಪರ್-ಟಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುತ್ತವೆ.

ಕೊಟ್ಟಿಗೆಯಿಂದ ಬರುವ ಜ್ವರ

ಹಸು ಕಂದು ಹಾಕಿದಾಗ ಸತ್ತ ಕರು, ಮಾಸನ್ನು ಬರಿಗೈಯಲ್ಲಿ ಎತ್ತಿಹಾಕುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಕಂದು ರೋಗ (ಬ್ರುಸೆಲ್ಲೋಸಿಸ್) ಈ ಮೂಲಕ, ಹಾಗೂ ಹಸಿಹಾಲಿನ ಮೂಲಕ ಮನುಷ್ಯರಿಗೆ ಹರಡುತ್ತದೆ. ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು ಇದರ ಲಕ್ಷಣ. ಗರ್ಭಿಣಿಗೆ ಗರ್ಭಪಾತವೂ ಆಗಬಹುದು. ಅಂಗಡಿಯ ಜ್ವರದ ಮಾತ್ರೆಗೆ ತಗ್ಗಿ ಮತ್ತೆ ಬರುವ ಇಂತಹ ಜ್ವರವಿದ್ದರೆ "ನಮ್ಮ ಹಸು ಕಂದು ಹಾಕಿತ್ತು" ಎಂದು ವೈದ್ಯರಿಗೆ ತಪ್ಪದೆ ಹೇಳಿ. ಕೈಗವಸು ಬಳಸಿ, ಹಾಲು ಕಾಯಿಸಿ ಕುಡಿಯಿರಿ, 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕಿಸಿ.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

* ಸಾಧ್ಯವಾದರೆ ನೀವೇ ಹೋಗಿ. ಎಲ್ಲರ ಮುಂದೆ ಹೇಳಲು ಸಂಕೋಚವಾದರೆ ಪಕ್ಕಕ್ಕೆ ಕರೆದು ಹೇಳಿ, ಇಲ್ಲವೇ ಚೀಟಿಯಲ್ಲಿ ಬರೆದು ಕೊಡಿ.
* ಗರ್ಭಿಣಿಯೇ, ಎದೆಹಾಲು ಉಣಿಸುತ್ತಿದ್ದೀರಾ, ಬಿ.ಪಿ., ಸಕ್ಕರೆ ಕಾಯಿಲೆ ಇದೆಯೇ, ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನು ಕೇಳದಿದ್ದರೂ ಹೇಳಿ.
* ಇದು ಯಾವುದಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ದಿನ, ಊಟದ ಮುಂಚೆಯೋ ನಂತರವೋ ಎಂದು ಕೇಳಿ.
* ಬಿಡಿ ಮಾತ್ರೆ ಕತ್ತರಿಸಿ ಕೊಟ್ಟರೆ ಹೆಸರು, ಅವಧಿ ಮುಗಿಯುವ ತಾರೀಖು ಇರುವ ತುಂಡನ್ನು ಕೇಳಿ. ರಸೀದಿ ಪಡೆಯಿರಿ.

ಅಂಗಡಿಗೆ ಹೋಗಲೇಬಾರದ ಲಕ್ಷಣಗಳು

ಮುಟ್ಟು ಪೂರ್ತಿ ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ದಂಪತಿ ಸೇರಿದ ನಂತರ ರಕ್ತ ಕಂಡರೂ, ದುರ್ವಾಸನೆಯ ಕೆಂಪುಮಿಶ್ರಿತ ಸೆರಗು ಹೋದರೂ, ಎದೆಯಲ್ಲಿ ಗಂಟು ಸಿಕ್ಕರೂ ನೇರ ಆಸ್ಪತ್ರೆಗೆ ಹೋಗಿ. ಇವು ಕ್ಯಾನ್ಸರಿನ ಮೊದಲ ಸೂಚನೆ ಇರಬಹುದು, ಬೇಗ ಕಂಡರೆ ಗುಣವಾಗುತ್ತದೆ. 30 ವರ್ಷ ದಾಟಿದ ಪ್ರತಿ ಮಹಿಳೆಯೂ ಗರ್ಭಕೋಶದ ಕೊರಳಿನ ಮತ್ತು ಸ್ತನದ ತಪಾಸಣೆಯ ಬಗ್ಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಹೆಚ್ಚಿನ ಪರೀಕ್ಷೆಗೆ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ನಡುವೆ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿತು. ನೋಂದಣಿಯ ಅವಧಿಯನ್ನು ಸಂಘದ ಕಾರ್ಯದರ್ಶಿಯಲ್ಲಿ ವಿಚಾರಿಸಿ ಕುಟುಂಬದ ಹೆಸರು ಬರೆಸಿ.

ಕೊನೆಯದಾಗಿ, ಮನೆಯ ಗಂಡಸರಿಗೂ ಒಂದು ಮಾತು. ಹಸುವಿನ ಮೇವು ಬಿಟ್ಟುಹೋದರೆ ಅದೇ ಗಳಿಗೆ ಗಮನಿಸುವ ನೀವು, ಮನೆಯಾಕೆ ಸೊಂಟ ಹಿಡಿದು ಕುಳಿತಾಗ "ಏನಾಯಿತು?" ಎಂದು ಒಮ್ಮೆ ಕೇಳಿ. ಅಂದಿನ ಸಂಜೆಯ ಹಾಲನ್ನು ನೀವೇ ಕರೆದು ಡೇರಿಗೆ ಹಾಕಿದರೆ ಆಕೆ ನಿಶ್ಚಿಂತೆಯಿಂದ ಆಸ್ಪತ್ರೆಗೆ ಹೋಗಿ ಬರುತ್ತಾಳೆ.